ಅರವತ್ತನಾಲ್ಕು ಸಾವಿರದ ಜೀಪಿಗೆ ಇಂದೆಷ್ಟು? ಒಂದು ಪಾಲುಪಟ್ಟಿಯ ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ ಮೂರೂವರೆ ಎಕರೆ ಅಡಿಕೆ ತೋಟ, ತೋಟದ ತಲೆಯಲ್ಲಿ ಹಂಚಿನ ಮನೆ, ಮನೆಯ ಪಕ್ಕದ ಹಳೆಯ ಕೊಟ್ಟಿಗೆಯಲ್ಲಿ ಒಂದು ಜೀಪು. ಮನೆಯ ಯಜಮಾನರು ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಮಕ್ಕಳು ಪಾಲಿಗೆ ಕುಳಿತರು. ಅಣ್ಣ ತೋಟದಲ್ಲೇ ಉಳಿದವನು, ತಮ್ಮ ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು, ತಂಗಿಯನ್ನು ಸಾಗರದ ಕಡೆಗೆ ಕೊಟ್ಟಿದೆ. ಜಮೀನಿನ ಮಟ್ಟಿಗೆ ತಕರಾರು ಬರಲಿಲ್ಲ, ಸರ್ವೆಯವರು ಅಳೆದು ಕೊಟ್ಟರು. ಜಗಳ ಹುಟ್ಟಿದ್ದು ಕೊಟ್ಟಿಗೆಯಲ್ಲಿದ್ದ ಸಾಮಾನುಗಳ ಮೇಲೆ. ಆಗ ನನ್ನನ್ನು ಕರೆಸಿದರು. ಸಹಕಾರ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಕಿರ್ದಿ, ಖತಾವಣಿ ಬರೆದವನಿಗೆ ಯಾವ ವಸ್ತುವಿನ ಬೆಲೆಯೂ ಗೊತ್ತಿರುತ್ತದೆ ಎಂಬುದು ನಮ್ಮೂರಿನವರ ನಂಬಿಕೆ. ಊರು, ಹೆಸರುಗಳನ್ನು ಮರೆಸಿ, ಮನೆಯವರ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ.

ಯಜಮಾನರು ಲೆಕ್ಕದಲ್ಲಿ ಶಿಸ್ತಿನ ಮನುಷ್ಯ. ಕೆಂಪು ಬಟ್ಟೆಯ ರಟ್ಟಿನ ಹನ್ನೊಂದು ಪುಸ್ತಕಗಳು ಅಟ್ಟದ ಪೆಟ್ಟಿಗೆಯಲ್ಲಿದ್ದವು. ಮಲೆನಾಡಿನ ಮಳೆಗೆ ಹಾಳೆಗಳ ಅಂಚು ಕಂದಿದ್ದರೂ ಶಾಯಿ ಓದುವಂತಿತ್ತು. 1990ರ ನವೆಂಬರಿನ ಪುಟದಲ್ಲಿ ಹೀಗಿತ್ತು: ಜೀಪು ಖರೀದಿ ₹64,000. ಅಡಿಕೆ ಬಾಬ್ತು 40,000. ಅವಲಕ್ಕಿ ಸರದ ಬಾಬ್ತು 24,000. ಆ ಚಿನ್ನದ ಸರ ಮಾರಿದ ಚೀಟಿಯನ್ನು ಅದೇ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದರು. ತೂಕ 75 ಗ್ರಾಂ, ಹತ್ತು ಗ್ರಾಂಗೆ ₹3,200ರ ದರ. ಜೀಪು ಎರಡನೆಯ ಕೈಯದು, ಮಹೀಂದ್ರ ಎಂಎಂ 540, ಡೀಸೆಲ್.

2025ರ ದೀಪಾವಳಿಗೆ ವಾರವಿರುವಾಗ ಜಗಲಿಯಲ್ಲಿ ಮೊದಲ ಸಲ ಸೇರಿದೆವು. ತಮ್ಮ ಮೊಬೈಲಿನಲ್ಲೇ ಲೆಕ್ಕ ಮಾಡಿಕೊಂಡು ಬಂದಿದ್ದ. "1990ರಿಂದ ಬೆಲೆಗಳು ಹತ್ತು ಪಟ್ಟಾಗಿವೆ. ಹಾಗಾದರೆ ಜೀಪಿನ ಬೆಲೆ 6,40,000. ಅಣ್ಣ ಅದನ್ನು ಇಟ್ಟುಕೊಳ್ಳುವುದಾದರೆ ನಮ್ಮಿಬ್ಬರಿಗೂ ಎರಡು ಲಕ್ಷದ ಮೇಲೆ ಬರಬೇಕು" ಎಂದ. ಅಣ್ಣ ನಕ್ಕುಬಿಟ್ಟ. "ಗುಜರಿಗೆ ಹಾಕಿದರೆ ನಲವತ್ತು ಸಾವಿರ ಹುಟ್ಟಿದರೆ ಪುಣ್ಯ. ಬೇಕಾದರೆ ನೀನೇ ತೆಗೆದುಕೊಂಡು ಹೋಗು." ತಂಗಿ ಆ ದಿನ ಬಾಯಿ ಬಿಡಲಿಲ್ಲ. ಹೊರಡುವಾಗ ಮಾತ್ರ, "ನನಗೆ ಜೀಪು ಬೇಡ, ಅಮ್ಮನ ಸರ ಎಲ್ಲಿ ಹೋಯಿತು ಅದನ್ನು ಹೇಳಿ" ಎಂದಳು. ಅದನ್ನು ನಾವು ಮೂವರು ಗಂಡಸರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಮ್ಮನ ಹತ್ತು ಪಟ್ಟು ಸುಳ್ಳಲ್ಲ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು 1982ಕ್ಕೆ 100 ಎಂದಿಟ್ಟು ಆರಂಭಿಸಿದ ಸರಣಿಯಲ್ಲಿ 1990-91ರ ಸರಾಸರಿ 193. ಆಮೇಲೆ ಬುಡದ ವರ್ಷವನ್ನು ಎರಡು ಸಲ ಬದಲಿಸಿದ್ದಾರೆ, ಮೊದಲು 2001ಕ್ಕೆ, ನಂತರ 2016ಕ್ಕೆ. ಹೊಸ ಸರಣಿಯ ಅಂಕಿಯನ್ನು ಹಳೆಯದಕ್ಕೆ ತರಲು 2.88ರಿಂದಲೂ 4.63ರಿಂದಲೂ ಗುಣಿಸಬೇಕು. 2025ರ 147ನ್ನು ಹಾಗೆ ಗುಣಿಸಿದರೆ 1,960 ಬರುತ್ತದೆ, ಅದು 193ರ ಹತ್ತು ಪಟ್ಟು. ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ ಹಿಡಿದರೆ 8.8 ಪಟ್ಟು ಮಾತ್ರ ಆಗುತ್ತದೆ. ಆ ಸೂಚ್ಯಂಕಕ್ಕೆ ಗ್ರಾಹಕ ಬೆಲೆಯ ಏರಿಕೆಯಲ್ಲಿ ಮುಕ್ಕಾಲು ಪಾಲನ್ನಷ್ಟೇ ತೆಗೆದುಕೊಳ್ಳುತ್ತಾರೆ. ಅದೂ ಅಲ್ಲದೆ ಅದು ಹುಟ್ಟಿದ್ದು ಜಮೀನು, ಮನೆ ಮಾರಿದವರ ಲಾಭ ಲೆಕ್ಕ ಹಾಕಲು. ಜೀಪಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಊರಿನಲ್ಲಿ ಎಲ್ಲರೂ ಎಲ್ಲಕ್ಕೂ ಅದನ್ನೇ ಹಚ್ಚುತ್ತಾರೆ. ಮುಂದೆ ಈ ಬರಹದಲ್ಲಿ ಕೆಲವು ಕಡೆ ನಾನೂ ಹಚ್ಚಿದ್ದೇನೆ, ಪಟ್ಟಿ ಕೈಗೆ ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ.

ತಪ್ಪಿದ್ದದ್ದು ಗುಣಾಕಾರದಲ್ಲಲ್ಲ. ಹತ್ತು ಪಟ್ಟಾದದ್ದು ಅಂದು ಕೊಟ್ಟ ದುಡ್ಡು. ಅಂದಿನ 64,000 ರೂಪಾಯಿ ಮನೆಯ ಯಾವ ಯಾವ ಖರ್ಚನ್ನು ತೂಗಿಸುತ್ತಿತ್ತೋ ಅದೆಲ್ಲವನ್ನೂ ಇಂದು ತೂಗಿಸಲು 6,40,000 ಬೇಕು, ಅಷ್ಟೇ. ಜೀಪು ಆ ದುಡ್ಡಲ್ಲ. ಅದು ಮೂವತ್ತೈದು ಮಳೆಗಾಲ ಓಡಿ ಸವೆದ ಕಬ್ಬಿಣ. ತಮ್ಮನಿಗೆ ಇದನ್ನು ಮನದಟ್ಟು ಮಾಡಲು ಇನ್ನೊಂದು ತುದಿಯ ಲೆಕ್ಕ ತೋರಿಸಿದೆ. ವಾಹನ, ಯಂತ್ರಗಳಿಗೆ ಈಗ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ನೂರಕ್ಕೆ 15ರಂತೆ ಸವಕಳಿ ಕಳೆಯುತ್ತಾರೆ. ಆ ದರವನ್ನೇ ಹಿಂದಕ್ಕೂ ಎಳೆದು ಮೂವತ್ತೈದು ವರ್ಷ ಕಳೆದರೆ 64,000ದ ಜೀಪು ಪುಸ್ತಕದಲ್ಲಿ ಉಳಿಯುವುದು 217 ರೂಪಾಯಿಗೆ. "ನಿನ್ನ ಪಾಲು 72 ರೂಪಾಯಿ, ಈಗಲೇ ಕೊಡಲೇ?" ಎಂದು ಅಣ್ಣ ಜೇಬಿಗೆ ಕೈ ಹಾಕಿದ. ಆ ಕ್ಷಣಕ್ಕೆ ನಾನು ಲೆಕ್ಕ ತೋರಿಸಬಾರದಿತ್ತು ಎನಿಸಿತು.

ಮರುದಿನ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. 1986ರ ಜನವರಿಯ ಬುಲೆಟ್ ಬೈಕಿನ ರಸೀತಿ, ಬೆಲೆ ₹18,700. ಕೆಲವು ವರ್ಷಗಳ ಹಿಂದೆ ದೇಶವೆಲ್ಲ ಸುತ್ತಿದ ಚಿತ್ರ ಅದು. ಎಂಥ ಸೋವಿ ಕಾಲ ಎಂದು ಅದನ್ನು ಕಂಡವರೆಲ್ಲ ನಿಟ್ಟುಸಿರಿಡುತ್ತಾರೆ. ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು ತಂದರೆ ಅದು ಇಂದಿನ 2,90,000 ರೂಪಾಯಿ. ಇವತ್ತಿನ 350 ಸಿಸಿ ಬುಲೆಟ್ಟಿನ ಷೋರೂಂ ಬೆಲೆ ಎರಡು ಲಕ್ಷದೊಳಗಿದೆ. ತೆರಿಗೆ, ವಿಮೆ ಸೇರಿಸಿದರೂ ಮೂರು ಲಕ್ಷ ಮುಟ್ಟುವುದಿಲ್ಲ. ಅಂದರೆ ಬುಲೆಟ್ಟು ತುಟ್ಟಿಯಾಗಿದೆ ಎಂದು ನಾವು ಅಂದುಕೊಂಡಿರುವ ನಲವತ್ತು ವರ್ಷಗಳಲ್ಲಿ ಅದು ಅಗ್ಗವಾಗಿದೆ. ಮಾರುತಿ 800ರ ಕಥೆಯೂ ಅದೇ. 1983ರ ಡಿಸೆಂಬರಿನಲ್ಲಿ ಬಂದಾಗ ಅದರ ಬೆಲೆ ₹47,500ರ ಸುಮಾರು. ಅದು ಹಣದುಬ್ಬರದ ಜೊತೆಗೇ ಹೆಜ್ಜೆ ಹಾಕಿದ್ದರೆ ಇಂದು ಏಳೂವರೆ ಲಕ್ಷ ದಾಟಬೇಕಿತ್ತು. ಅದೇ ಮನೆತನದ ಆಲ್ಟೊ, 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ, ಮೂರೂ ಮುಕ್ಕಾಲು ಲಕ್ಷದೊಳಗೆ ಆರಂಭವಾಗುತ್ತಿತ್ತು.

ಇದಕ್ಕೆ ಕಾರಣಗಳಿವೆ. 1990ರಲ್ಲಿ ಯಾವ ಕಂಪನಿ ಎಷ್ಟು ಗಾಡಿ ಮಾಡಬೇಕೆಂದು ದಿಲ್ಲಿಯಲ್ಲಿ ತೀರ್ಮಾನವಾಗುತ್ತಿತ್ತು. ಚೇತಕ್ ಸ್ಕೂಟರಿಗೆ ಬುಕಿಂಗ್ ಮಾಡಿಸಿ ವರ್ಷಗಟ್ಟಲೆ ಕಾದವರು ನನ್ನ ಓರಗೆಯವರೆಲ್ಲ. ಕಾಯಲಾಗದವರು ಮೇಲೆ ಪ್ರೀಮಿಯಂ ಕೊಟ್ಟು ಕೊಳ್ಳುತ್ತಿದ್ದರು, ಇಲ್ಲವೇ ಹಳೆಯ ಗಾಡಿಗೆ ಹೊಸದರ ಬೆಲೆ ತೆರುತ್ತಿದ್ದರು. ರಸೀತಿಯಲ್ಲಿ ಅಚ್ಚಾದ ಬೆಲೆ ಬೇರೆ, ಕೈ ಬಿಟ್ಟ ದುಡ್ಡು ಬೇರೆ. ಈ ಮನೆಯ ಜೀಪು ಆಗಲೇ ಹಳೆಯದಾಗಿದ್ದರೂ 64,000 ಬಿದ್ದದ್ದು ಆ ಕಾಲದ ಅಭಾವದಿಂದ. 1991ರ ಜುಲೈನಲ್ಲಿ ಲೈಸೆನ್ಸ್ ಪದ್ಧತಿ ಬಹುಮಟ್ಟಿಗೆ ಹೋಯಿತು, 1993ರಲ್ಲಿ ಕಾರುಗಳಿಗೂ ಬಿಡುಗಡೆಯಾಯಿತು. ತಯಾರಕರು ಹೆಚ್ಚಿದರು, ಗಾಡಿಗಳು ಹೆಚ್ಚಿದವು. ಅಕ್ಕಿ, ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಏರಿದ ಹಾಗೆ ಕಾರ್ಖಾನೆಯ ಸಾಮಾನು ಏರಲಿಲ್ಲ. ಸೂಚ್ಯಂಕವೆಂದರೆ ಇವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ತೂಗಿದ್ದು. ಬುಟ್ಟಿಯ ತೂಕ ಹತ್ತು ಪಟ್ಟಾಯಿತೆಂದು ಅದರೊಳಗಿನ ಒಂದೊಂದು ಕಾಯಿಯೂ ಹತ್ತು ಪಟ್ಟು ಆಗಿರುವುದಿಲ್ಲ.

ಜೀಪಿನ ಜಾತಿಯದೇ ಬೇಕು ಎಂದು ತಮ್ಮ ಹಟ ಹಿಡಿದ. ಸರಿ, ಮಹೀಂದ್ರದ್ದೇ ಥಾರ್ ಇದೆಯಲ್ಲ. 2010ರಲ್ಲಿ ಅದರ ಸಿಆರ್‌ಡಿಇ ಮಾದರಿ ₹5.99 ಲಕ್ಷಕ್ಕೆ ಬಂತು. 2020ರ ಅಕ್ಟೋಬರ್ 2ರಂದು ಹೊಸ ಥಾರ್ ₹9.80 ಲಕ್ಷದಿಂದ ಶುರುವಾಯಿತು. ಹತ್ತು ವರ್ಷದಲ್ಲಿ ನಾಲ್ಕು ಲಕ್ಷ ಏರಿಸಿದರು ಎಂದು ಆಗ ನಮ್ಮ ಕಡೆಯ ಹುಡುಗರು ಬೈದದ್ದು ನೆನಪಿದೆ. ತೆರಿಗೆಯವರ ಸೂಚ್ಯಂಕ ಆ ಹತ್ತು ವರ್ಷದಲ್ಲಿ 167ರಿಂದ 301ಕ್ಕೆ ಏರಿತ್ತು. ಹಳೆಯ 5.99 ಲಕ್ಷವೇ 10.8 ಲಕ್ಷವಾಗಿರುತ್ತಿತ್ತು. ಹೊಸದರ ಬೆಲೆಯೊಳಗೆ ಏರ್‌ಬ್ಯಾಗ್, ಎಬಿಎಸ್, ಬಿಎಸ್ 6 ಎಂಜಿನ್ ಎಲ್ಲ ಸೇರಿವೆ. ಕೊಟ್ಟಿಗೆಯ ಎಂಎಂ 540ರಲ್ಲಿ ಆಗುಂಬೆ ಘಾಟಿ ಇಳಿಯುವಾಗ ನಮ್ಮನ್ನು ಕಾಯುತ್ತಿದ್ದದ್ದು ಎರಡನೆಯ ಗೇರು ಮತ್ತು ಮನೆದೇವರು. ಎರಡನ್ನೂ ಜೀಪು ಎಂದು ಕರೆದ ಮಾತ್ರಕ್ಕೆ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ.

ಪವರ್ ಟಿಲ್ಲರಿನ ವಿಷಯದಲ್ಲಿ ನನಗೇ ಆಶ್ಚರ್ಯವಾಯಿತು. 2009ರಲ್ಲಿ ಕೊಂಡದ್ದು, ಹದಿಮೂರು ಅಶ್ವಶಕ್ತಿಯದು, ಪುಸ್ತಕದಲ್ಲಿ ₹1,20,000. ತೆರಿಗೆಯವರ ಸೂಚ್ಯಂಕ ಅಂದು 148, 2025-26ರಲ್ಲಿ 376. ಹೊಸದಕ್ಕೆ ಮೂರು ಲಕ್ಷ ದಾಟಬೇಕು. ತಮ್ಮ ಹಾಗೆಯೇ ಬರೆದುಕೊಂಡಿದ್ದ. ಆದರೆ ಅಂಥದ್ದೇ ಟಿಲ್ಲರು ಇಂದು ಎರಡು ಲಕ್ಷದ ಆಸುಪಾಸಿನಲ್ಲಿದೆ. ಸೆಪ್ಟೆಂಬರಿನಲ್ಲಿ ಕೃಷಿ ಯಂತ್ರಗಳ ಜಿಎಸ್‌ಟಿ 12ರಿಂದ 5ಕ್ಕೆ ಬಂದಾಗ ಸುಮಾರು ಹನ್ನೆರಡು ಸಾವಿರ ಇಳಿದಿತ್ತು. ಅದೇ ಪುಸ್ತಕದಲ್ಲಿ ಆ ವರ್ಷದ ಕೂಲಿಯೂ ಇತ್ತು. ಗಂಡಾಳಿಗೆ ದಿನಕ್ಕೆ ₹150. ಅಣ್ಣ ಇಂದು ಕೊಡುವುದು ₹600, ಅದೂ ಊಟ, ಕಾಫಿ ಬಿಟ್ಟು. ಅಂದು ಟಿಲ್ಲರು ಕೊಳ್ಳಲು ಎಂಟುನೂರು ಆಳಿನ ಕೂಲಿ ಬೇಕಿತ್ತು. ಇಂದು ಮುನ್ನೂರ ಮೂವತ್ತಮೂರು ಆಳಿನದು ಸಾಕು. ಈ ಎರಡು ಅಂಕಿಗಳನ್ನು ನಾನು ಚೀಟಿಯಲ್ಲಿ ಬರೆದು ಜಗಲಿಯ ಮೇಲಿಟ್ಟಾಗ ಅಣ್ಣ ಬಹಳ ಹೊತ್ತು ನೋಡುತ್ತ ಕುಳಿತ. ಗದ್ದೆಯಲ್ಲಿ ಜೋಡೆತ್ತು ಹೋದದ್ದು, ಅಡಿಕೆ ಸುಲಿಯುವ ಹೆಂಗಸರು ರಾತ್ರಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರುತ್ತಿದ್ದದ್ದು ನಿಂತು ಅಂಗಳದಲ್ಲಿ ಸುಲಿಯುವ ಯಂತ್ರ ಗರಗರ ಎನ್ನತೊಡಗಿದ್ದು, ಕೊನೆಗಾರ ಮರ ಹತ್ತುವ ಬದಲು ನೆಲದಲ್ಲಿ ನಿಂತು ಉದ್ದನೆಯ ಫೈಬರ್ ದೋಟಿ ಹಿಡಿದದ್ದು, ಎಲ್ಲ ಆ ಚೀಟಿಯಲ್ಲಿತ್ತು. ಸುಲಿಯುವ ಯಂತ್ರವನ್ನು ಪಾಲಿಗೆ ತರಬೇಡಿ ಎಂದು ತಮ್ಮನೇ ಹೇಳಿದ. ಟಿಲ್ಲರಿಗೆ ಪಕ್ಕದ ಊರಿನವರು ಕೇಳಿದ್ದ ಬೆಲೆಯನ್ನೇ ಹಿಡಿದು ಮೂರು ಪಾಲು ಮಾಡಿದೆವು. ಅಲ್ಲಿಗೆ ಅದು ಮುಗಿಯಿತು.

ಅಡಿಕೆಯನ್ನೇ ಅಳತೆಗೋಲು ಮಾಡೋಣ, ಅಂದು ಎಷ್ಟು ಕ್ವಿಂಟಾಲ್ ಕೊಟ್ಟೆವೋ ಇಂದೂ ಅಷ್ಟೇ ಎಂದು ಪಂಚಾಯಿತಿಗೆ ಬಂದಿದ್ದ ಹಿರಿಯರೊಬ್ಬರು ಸಲಹೆ ಕೊಟ್ಟರು. ಕೇಳಲು ನ್ಯಾಯವಾಗಿದೆ. ಆದರೆ 2014ರಲ್ಲಿ ಆಕಾಶಕ್ಕೇರಿದ ಧಾರಣೆ ಎರಡು ವರ್ಷದೊಳಗೆ ಅರ್ಧಕ್ಕೂ ಕೆಳಗೆ ಇಳಿದದ್ದನ್ನು ನೋಡಿದವನು ನಾನು. ಶಿವಮೊಗ್ಗದ ಮಂಡಿಯ ಬೆಲೆಯನ್ನು ಗಜಕಡ್ಡಿ ಮಾಡಿಕೊಂಡರೆ ಪಾಲುಪಟ್ಟಿಗೆ ಯಾವ ತಿಂಗಳು ಸಹಿ ಹಾಕಬೇಕು ಎಂಬುದಕ್ಕೇ ಮೊದಲು ಜಗಳವಾಗುತ್ತದೆ.

ಜೀಪಿಗೆ ಈಗ ನಮ್ಮ ಮುಂದೆ ಮೂರು ಬೆಲೆಗಳಿದ್ದವು, 217, 40,000, 6,40,000. ನಾಲ್ಕನೆಯದು ತಾನಾಗಿ ಬಂತು. ಶಿವಮೊಗ್ಗದ ಗ್ಯಾರೇಜಿನವನೊಬ್ಬ ಫೋಟೊ ನೋಡಿ ₹2,80,000ಕ್ಕೆ ಕೇಳಿದ. ಹಳೆಯ ಎಂಎಂ 540ಗೆ ಈಗ ಗಿರಾಕಿಗಳಿದ್ದಾರಂತೆ. ಬಣ್ಣ ಹೊಡೆದು, ದಪ್ಪ ಟೈರು ಹಾಕಿ ಕಾಫಿ ಎಸ್ಟೇಟಿನವರಿಗೂ ಹೋಂಸ್ಟೇಯವರಿಗೂ ಮಾರುತ್ತಾರೆ. ಇದು ಹಣದುಬ್ಬರ ತಂದ ಬೆಲೆಯಲ್ಲ, ಅಪರೂಪಕ್ಕೆ ಸಂದ ಬೆಲೆ. ಅಣ್ಣ ಕೊಡಲು ಒಪ್ಪಲಿಲ್ಲ. "ಅಪ್ಪ ತಂದದ್ದು" ಎಂದ. ಇಟ್ಟುಕೊಳ್ಳುವುದೇನು ಪುಕ್ಕಟೆಯಲ್ಲ. ಹದಿನೈದು ವರ್ಷ ದಾಟಿದ ಇಂಥ ಗಾಡಿಯ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ದಾಟಿದವಕ್ಕೆ 2025ರ ಆಗಸ್ಟಿನಿಂದ 10,000.

ಹಾಗಾದರೆ 2,80,000ವನ್ನು ಮೂರಾಗಿ ಹಂಚೋಣ ಎಂದ ತಮ್ಮ. ಅಣ್ಣ ಆಗ ಒಳಗಿನಿಂದ ಗ್ಯಾರೇಜಿನ ಬಿಲ್ಲುಗಳನ್ನು ತಂದ. 2006ರಲ್ಲಿ ಎಂಜಿನ್ ಕೆಲಸ 38,000, 2013ರಲ್ಲಿ ಚಾಸಿ, ಬಾಡಿ, ಹುಡ್ 52,000, 2019ರಲ್ಲಿ ಗೇರ್ ಬಾಕ್ಸ್, ಟೈರು 36,000. ಎಲ್ಲವೂ ಅವನ ಸ್ವಂತದ್ದು. "64,000ವನ್ನು ಇಂದಿನ ಬೆಲೆಗೆ ತರುವುದಾದರೆ ಇವನ್ನೂ ತನ್ನಿ" ಎಂದ. ಅವನ್ನೂ ತೆರಿಗೆಯವರ ಸೂಚ್ಯಂಕದಿಂದ ಇಂದಿನ ಬೆಲೆಗೆ ತಂದು ತೋರಿಸಿದೆ. ಮೊದಲನೆಯದು 1,17,000, ಎರಡನೆಯದು 89,000, ಮೂರನೆಯದು 47,000. ಒಟ್ಟು ಎರಡೂವರೆ ಲಕ್ಷ ದಾಟಿತು. ಹಂಚಲು ಉಳಿದದ್ದು ಇಪ್ಪತ್ತೇಳು ಸಾವಿರ ಚಿಲ್ಲರೆ. ಸೂಚ್ಯಂಕವೂ ಅಡಕತ್ತರಿಯೇ, ಅಡಿಕೆಗೂ ಬಾಯಿ ಹಾಕುತ್ತದೆ, ಬೆರಳಿಗೂ ಹಾಕುತ್ತದೆ. ನಿಜ ಹೇಳಬೇಕೆಂದರೆ ಆ ಲೆಕ್ಕವೂ ಸರಿಯಲ್ಲ, ರಿಪೇರಿಯ ದುಡ್ಡನ್ನೂ ಓಡಿಸಿ ತಿಂದದ್ದಾಗಿದೆ. ಆದರೆ ತಮ್ಮ ತನ್ನ ಮೊಬೈಲನ್ನು ಜೇಬಿಗೆ ಹಾಕಿದ, ನನಗೆ ಬೇಕಾದದ್ದು ಅಷ್ಟೇ. ಅವನು ಶಿವಮೊಗ್ಗದ ಹಾಸ್ಟೆಲಿಗೆ ಟ್ರಂಕು ಹೊತ್ತು ಹೋದದ್ದು, ತಂಗಿಯ ಮದುವೆಯ ದಿಬ್ಬಣ, ಅಮ್ಮನನ್ನು ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ದ ರಾತ್ರಿ, ಎಲ್ಲ ಇದೇ ಜೀಪಿನಲ್ಲಿ. ಜೀಪನ್ನು ಮನೆಯವರೆಲ್ಲ ಸೇರಿ ಸವೆಸಿದ್ದರು. ಕೊನೆಗೆ ಅಣ್ಣ ಇಬ್ಬರಿಗೂ ಐವತ್ತೈವತ್ತು ಸಾವಿರ ಕೊಡುವುದೆಂದಾಯಿತು. ಆ ಐವತ್ತು ಸಾವಿರಕ್ಕೆ ನನ್ನ ಬಳಿ ಯಾವ ಸೂತ್ರವೂ ಇಲ್ಲ.

ಸರದ ಮಾತಿಗೆ ಬರುವ ಹೊತ್ತಿಗೆ ಮೂರನೆಯ ದಿನ. ತಂಗಿ 1990ರ ಪುಸ್ತಕ ಕೇಳಿ ಪಡೆದು ತಾನೇ ಓದಿದಳು. ನಾನು ಮೊತ್ತದ ಕಂಬವನ್ನಷ್ಟೇ ನೋಡಿದ್ದೆ, ಮೂವತ್ತೊಂದು ವರ್ಷದ ಅಭ್ಯಾಸ. ಅವಳು ಅಂಚನ್ನು ನೋಡಿದಳು. ಸರದ ಬಾಬ್ತಿನ ಎದುರಿಗೆ, ಹಾಳೆಯ ಎಡ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಸಣ್ಣಗೆ ಎರಡು ಪದ: "ತಿರುಗಿ ಮಾಡಿಸಿಕೊಡುವುದು."

ಈ ಎರಡು ಪದಗಳು ಇಡೀ ಲೆಕ್ಕವನ್ನು ತಿರುಗಿಸಿದವು. ಅಲ್ಲಿ "₹24,000 ಕೊಡುವುದು" ಎಂದಿದ್ದರೆ ಸಾಲ ರೂಪಾಯಿಯದು, ಬಡ್ಡಿಯ ಮಾತಿಲ್ಲದಿದ್ದರೆ ಇಂದೂ 24,000ಕ್ಕೇ ತೀರುತ್ತಿತ್ತು. ಅಮ್ಮನ ದುಡ್ಡು ಜೀಪಿನಲ್ಲಿ ಪಾಲಾಗಿ ಸೇರಿತ್ತು ಎಂದಿದ್ದರೆ ಜೀಪಿನ ಗತಿಯೇ ಅದಕ್ಕೂ. ಆದರೆ ಬರೆದಿದ್ದದ್ದು ಸರದ ಸಾಲ. ತಮ್ಮ ಒಪ್ಪಲಿಲ್ಲ. ಹಣದುಬ್ಬರ ಕೊಟ್ಟರೆ ಸಾಕು, 2,40,000 ಆಗುತ್ತದೆ ಎಂದ. ಅಂದು ಹತ್ತು ಗ್ರಾಂ ಚಿನ್ನ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತ್ತು. 75 ಗ್ರಾಂಗೆ ಒಂಬತ್ತು ಲಕ್ಷ. ಡಾಲರಿಗೆ ಹದಿನೇಳು ಹದಿನೆಂಟು ಇದ್ದ ರೂಪಾಯಿ ಎಂಬತ್ತೆಂಟಕ್ಕೆ ಬಂದಿತ್ತು, ಚಿನ್ನ ಡಾಲರಿನಲ್ಲೂ ಏರಿತ್ತು. ಎರಡು ಏಣಿ ಒಂದರ ಮೇಲೊಂದು. ಅದೇ ಮನೆಯಿಂದ ಅದೇ ದಿನ ಹೊರಟ ದುಡ್ಡಿನಲ್ಲಿ ಒಂದು ಭಾಗ ಕಬ್ಬಿಣವಾಗಿ ಸವೆಯಿತು, ಇನ್ನೊಂದು ಭಾಗ ಮಾರದೆ ಉಳಿದಿದ್ದರೆ ಮೂವತ್ತೇಳು ಪಟ್ಟಾಗುತ್ತಿತ್ತು.

ಕಾನೂನಿನಂತೆ ಹೋದರೆ ಉಯಿಲಿಲ್ಲದ ತಾಯಿಯ ಸ್ವತ್ತು ಗಂಡನಿಗೂ ಗಂಡು, ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲು, ಸರವೂ ಅಷ್ಟೆ. ಅದನ್ನು ತಂಗಿಗೆ ಹೇಳಿದೆ. "ಪಾಲು ಆಮೇಲೆ, ಮೊದಲು ಅಪ್ಪ ಬರೆದದ್ದು ಆಗಲಿ" ಎಂದಳು. ಅಣ್ಣ ಆ ಮಾತಿಗೆ ತಲೆಯಾಡಿಸಿದ. ತಮ್ಮ ಅರ್ಧ ದಿನ ತೋಟದಲ್ಲಿ ಅಡ್ಡಾಡಿ ಬಂದು, ತನ್ನ ಪಾಲು ಬಿಟ್ಟೆ ಎಂದ. ಏಕೆ ಎಂದು ನಾನು ಕೇಳಲಿಲ್ಲ. ಅಟ್ಟದ ಮೇಲೆ ಹಂಚದೆ ಉಳಿದಿದ್ದ ಅಡಿಕೆಯನ್ನು ಮಂಡಿಗೆ ಹಾಕಿ, ಬಂದ ಹಣದಲ್ಲಿ ಸರ ಮಾಡಿಸುವುದೆಂದು ಪಾಲುಪಟ್ಟಿಯಲ್ಲಿ ಬರೆದೆ.

ಡಿಸೆಂಬರಿನಲ್ಲಿ ಸರ ಬಂತು. ಮಜೂರಿ, ಚಿನ್ನಕ್ಕೆ ಮೂರು ಪರ್ಸೆಂಟ್ ಜಿಎಸ್‌ಟಿ, ಹಾಲ್‌ಮಾರ್ಕ್, ಎಲ್ಲ ಸೇರಿ ಬಿಲ್ಲು ಅಂದಾಜಿಗಿಂತ ಉದ್ದವಾಯಿತು. ಅಣ್ಣ ಹಳೆಯ ಪುಸ್ತಕ ತೆಗೆದು, ಅಪ್ಪನ ಪೆನ್ಸಿಲಿನ ಸಾಲಿನ ಕೆಳಗೆ "ಮಾಡಿಸಿಕೊಟ್ಟಿದೆ" ಎಂದು ಬರೆದು ತಾರೀಖು ಹಾಕಿದ. ತಂಗಿ ಬಿಲ್ಲನ್ನು ಎರಡು ಸಲ ಓದಿದಳು. ತೂಕ 74 ಗ್ರಾಂ 600 ಮಿಲಿ. "ಇನ್ನೂ ನಾನೂರು ಮಿಲಿಗ್ರಾಂ ಬಾಕಿ, ಅದನ್ನೂ ಬರೆ" ಎಂದು ಪೆನ್ನು ಅವನ ಕೈಗೇ ತಿರುಗಿ ಕೊಟ್ಟಳು.